ಅವರಲ್ಲಿ ಇಬ್ಬರು ಸಾಕು

ನಮ್ಮೂರಿನ ಮೈದಾನದಲ್ಲಿ ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ ವಾಪಸು ಕೇಳಿಸುತ್ತದೆ. ಮೈದಾನ ಅಂದರೆ ಹಿಂದಿನವರು ಕಲ್ಲು ಒಡೆದು ಒಡೆದು ಆದ ದೊಡ್ಡ ಗುಂಡಿ. ಮೂರು ಕಡೆ ಕರಿಕಲ್ಲಿನ ಗೋಡೆ, ಒಂದು ಕಡೆ ಬಂಡಿ ಇಳಿಯುತ್ತಿದ್ದ ದಾರಿ. ಆ ಗೋಡೆಗಳಿಗೆ ಎಲ್ಲರ ದನಿಯೂ ಒಂದೇ. ಗಂಡಸು ಮಾತಾಡಿರಲಿ, ಹೆಂಗಸು ಮಾತಾಡಿರಲಿ, ಮರುದಿನ ಬರುವುದು ನೆಗಡಿಯಾದವರ ಗಂಟಲಿನಂಥ ಒಂದೇ ಒರಟು ದನಿ. ಏನು ಹೇಳಿದ್ದು ಅಂತ ಗೊತ್ತಾಗುತ್ತದೆ, ಯಾರು ಹೇಳಿದ್ದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಕಲ್ಲಿನ ಸಾಕ್ಷಿ ನಮ್ಮ ಕೋರ್ಟಿನಲ್ಲಿ ನಡೆಯುವುದಿಲ್ಲ, ಚಾವಡಿಯಲ್ಲಿ ನಡೆಯುತ್ತದೆ.

ಆಟಗಾರರು ಕೈಸನ್ನೆಯಲ್ಲೇ ಪಾಸು ಕೇಳುತ್ತಾರೆ. ರೆಫ್ರಿ ಸೀಟಿ ಊದುವುದಿಲ್ಲ, ಕೆಂಪು ಬಟ್ಟೆ ಬೀಸುತ್ತಾನೆ. ಊದಿದರೆ ಮರುದಿನ ಅಭ್ಯಾಸ ಮಾಡುವವರು ಸುಮ್ಮಸುಮ್ಮನೆ ನಿಂತುಬಿಡುತ್ತಾರೆ. ಕಡಲೆಕಾಯಿ ಮಾರುವ ಗಂಗವ್ವ ಮಾತ್ರ ಗಂಟಲು ಹರಿಯುವ ಹಾಗೆ ಕೂಗುತ್ತಾಳೆ. ಒಂದು ದಿನ ಕೂಗಿದರೆ ಎರಡು ದಿನದ ವ್ಯಾಪಾರ ಅನ್ನುತ್ತಾಳೆ. ಪಂದ್ಯದ ಮರುದಿನ ಊರಿನ ಅರ್ಧ ಜನ ಬಂದು ಖಾಲಿ ಮೈದಾನದ ಸುತ್ತ ಕೂತು ನಿನ್ನೆಯ ಆಟವನ್ನು ಕೇಳುತ್ತಾರೆ. ಚೆಂಡಿನ ಸದ್ದಿನಿಂದಲೇ ಒದ್ದಿದ್ದು ಯಾರ ಕಾಲು ಅಂತ ಹೇಳುವ ಮುದುಕರು ನಮ್ಮಲ್ಲಿದ್ದಾರೆ.

ನಮ್ಮ ದೇಶ ಚಿಕ್ಕದು. ಇದೊಂದು ಊರು, ಸುತ್ತ ಹನ್ನೊಂದು ಹಳ್ಳಿ. ಆದರೂ ದೇಶ ಅಂದಮೇಲೆ ಒಂದು ಬಾವುಟ, ಒಂದು ಅಂಚೆಚೀಟಿ, ಒಂದು ಫುಟ್‌ಬಾಲ್ ತಂಡ ಬೇಕಲ್ಲ. ಆ ತಂಡದಲ್ಲಿ ನಾನು ಒಂಬತ್ತು ವರ್ಷ ಆಡಿದ್ದೇನೆ. ಆಮೇಲೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ಪುಂಡಲೀಕ ಮಾಸ್ತರ ಅಂದರೆ ಊರಿನಲ್ಲಿ ಅರ್ಧ ಜನಕ್ಕೆ ಇವತ್ತಿಗೂ ಬೆನ್ನು ನೆಟ್ಟಗಾಗುತ್ತದೆ. ನಿವೃತ್ತಿಯಾದ ಮೇಲೆ ತಂಡದ ಆಯ್ಕೆ ಸಮಿತಿಗೆ ಹಾಕಿದರು. ಸಮಿತಿಯಲ್ಲಿ ಮೂವರು: ಅಧ್ಯಕ್ಷರಾದ ಅಚ್ಯುತರಾಯರು, ಬಂದರು ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮೋನಪ್ಪ, ಮತ್ತೆ ನಾನು.

ಊರಿನಲ್ಲಿರುವುದು ಎರಡು ಥರದ ಜನ. ದಿಬ್ಬದ ಮೇಲೆ ನಾವು. ಕೆಳಗೆ ಬಂದರಿನ ಪಕ್ಕ ಹಡಗುಕೇರಿಯವರು. ಅವರ ಮುತ್ತಜ್ಜಂದಿರನ್ನು ಕಲ್ಲು ಒಡೆಯಲಿಕ್ಕೆ ಎಲ್ಲಿಂದಲೋ ಹಡಗಿನಲ್ಲಿ ತಂದು ಇಳಿಸಿದ್ದರಂತೆ. ಗುಂಗುರು ಕೂದಲು, ನಮಗಿಂತ ಕಪ್ಪು ಮೈ. ಮೈದಾನದ ಗುಂಡಿ ತೋಡಿದ್ದು ಅವರೇ. ಈಗ ಭಾಷೆ ಒಂದೇ, ಸಂತೆ ಒಂದೇ, ಶಾಲೆ ಒಂದೇ. ಹೊರಗಿನವರು ಯಾರಾದರೂ ಕೇಳಿದರೆ ನಮ್ಮಲ್ಲಿ ಭೇದಭಾವ ಇಲ್ಲ ಅಂತ ಹೇಳುತ್ತೇವೆ. ನಾನೂ ಹಾಗೇ ಹೇಳುತ್ತಿದ್ದೆ.

ಆ ವರ್ಷ ನೆರೆದೇಶದಲ್ಲಿ ನಡೆಯುವ ಕಪ್ ಪಂದ್ಯಾವಳಿಗೆ ಹದಿನೆಂಟು ಮಂದಿಯನ್ನು ಆರಿಸಬೇಕಿತ್ತು. ಆಯ್ಕೆ ಪಂದ್ಯಕ್ಕೆ ಜನರನ್ನು ಬಿಡುವುದಿಲ್ಲ. ಸಮಿತಿಯವರೂ ಮೈದಾನದಲ್ಲಿ ಬಾಯಿ ಬಿಡುವುದಿಲ್ಲ; ಅಂಗಿಯ ನಂಬರನ್ನು ಬೆರಳಲ್ಲಿ ತೋರಿಸಿ, ಹೆಬ್ಬೆರಳು ಮೇಲೆ ಕೆಳಗೆ ಮಾಡಿ ಮುಗಿಸುತ್ತೇವೆ. ಹದಿನೇಳು ಹೆಸರು ತಕರಾರಿಲ್ಲದೆ ಆಯಿತು. ಅದರಲ್ಲಿ ಹಡಗುಕೇರಿಯವರು ಇಬ್ಬರು, ಗೋಲ್‌ಕೀಪರ್ ಒಬ್ಬ, ಹಿಂದೆ ಆಡುವವನೊಬ್ಬ. ಎಡಗಡೆಯ ಮುಂಚೂಣಿಗೂ ಆಗಲೇ ಇಬ್ಬರಿದ್ದರು, ಅವರು ದಿಬ್ಬದವರು. ಉಳಿದ ಒಂದು ಜಾಗಕ್ಕೆ ಇನಾಸನೋ ಶ್ರೀಕಂಠನೋ ಅನ್ನುವುದು ಪ್ರಶ್ನೆ. ಇನಾಸ ಹಡಗುಕೇರಿಯವನು, ಇಪ್ಪತ್ಮೂರು ವರ್ಷ, ದೋಣಿ ಕಟ್ಟುವ ಕೆಲಸ, ಎಡಗಡೆಯ ಆಟಗಾರ. ಶ್ರೀಕಂಠ ದಿಬ್ಬದವನು, ಮಧ್ಯದಲ್ಲಿ ಆಡುತ್ತಾನೆ.

ಮೋನಪ್ಪ ಆಚೆ ಗೋಲಿನ ಹತ್ತಿರ ನಿಂತಿದ್ದ. ಅಚ್ಯುತರಾಯರು ನನ್ನ ಪಕ್ಕದಲ್ಲಿದ್ದರು. ಅವರು ಇನಾಸನ ನಂಬರು ತೋರಿಸಿ ಹುಬ್ಬು ಏರಿಸಿದರು. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿಗೆ ಕಣ್ಣಿಗೆ ಮಣ್ಣು ಹಾರುತ್ತಿತ್ತು. ನನಗೆ ಎರಡು ಗಂಟೆ ನಿಂತು ಸೊಂಟ ಹಿಡಿದಿತ್ತು. ಬೆರಳು ಎತ್ತುವ ಬದಲು ಬಾಯಿಂದಲೇ ಬಂತು.

"ಅವರಲ್ಲಿ ಇಬ್ಬರು ಸಾಕು."

ಅಚ್ಯುತರಾಯರು ಗಾಬರಿಯಿಂದ ಗೋಡೆ ನೋಡಿದರು. ಆಮೇಲೆ ಶ್ರೀಕಂಠನ ನಂಬರು ತೋರಿಸಿದರು. ನಾನು ಹೆಬ್ಬೆರಳು ಎತ್ತಿದೆ. ಆಗ ನಾಲ್ಕು ಇಪ್ಪತ್ತು.

ಮರುದಿನ ಬೆಳಿಗ್ಗೆ ಟೌನ್‌ಹಾಲಿನ ಬಾಗಿಲಿಗೆ ಪಟ್ಟಿ ಅಂಟಿಸಿದರು. ಮಧ್ಯಾಹ್ನ ಎಂದಿನಂತೆ ಜನ ಮೈದಾನಕ್ಕೆ ಹೋದರು. ನನ್ನ ಹೆಂಡತಿ ಸುಗುಣಳೂ ಹೋಗಿದ್ದಳು. ನಾನು ಮನೆಯಲ್ಲೇ ಉಳಿದೆ; ಮರೆತುಹೋಗಿದೆ ಅಂತ ನನಗೆ ನಾನೇ ಹೇಳಿಕೊಂಡು ಪೇಪರು ಓದುತ್ತಿದ್ದೆ. ನಾಲ್ಕು ಇಪ್ಪತ್ತಕ್ಕೆ ದಿಬ್ಬದ ಮೇಲಿನ ನಮ್ಮ ಮನೆಯವರೆಗೂ ಏನೂ ಕೇಳಿಸಲಿಲ್ಲ. ಐದಕ್ಕೆ ಸುಗುಣ ಬಂದು ಚಪ್ಪಲಿ ಬಿಡುತ್ತಲೇ, "ರೀ, ಕಲ್ಲು ಏನಂತು ಗೊತ್ತಾ?" ಅಂದಳು.

ಸಂಜೆಯ ಹೊತ್ತಿಗೆ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಯಾರಲ್ಲಿ ಇಬ್ಬರು? ಕ್ಷೌರದಂಗಡಿಯಲ್ಲಿ ಒಬ್ಬ, "ಎಡಗಡೆ ಆಡುವವರು ಇಬ್ಬರು ಸಾಕು ಅಂದಿರಬೇಕು, ಅದರಲ್ಲಿ ತಪ್ಪೇನು?" ಅಂದ. ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತವನು, "ಹಾಗಾದರೆ ಮಧ್ಯದಲ್ಲಿ ಐದು ಜನ ಯಾಕಪ್ಪಾ? ಅವರಲ್ಲಿ ಎಷ್ಟು ಸಾಕು ಅಂತ ಕಲ್ಲು ಹೇಳಲಿಲ್ಲವಲ್ಲ," ಅಂದ. ಆಟದಲ್ಲಿ ಬಣ್ಣ ತರಬೇಡಿ ಅಂತ ಮೂರನೆಯವನು ರೇಗಿದ. ತಂದಿದ್ದು ನಾವಾ, ಅಂತ ಬಾಗಿಲಲ್ಲಿ ನಿಂತಿದ್ದ ಹಡಗುಕೇರಿಯ ಹೆಂಗಸು ಕೇಳಿದಳು. ಇವೆಲ್ಲ ನಾನು ಕಿವಿಯಾರೆ ಕೇಳಿದ್ದು. ನಾನು ಅಲ್ಲಿ ಕೂದಲು ಕತ್ತರಿಸಿಕೊಳ್ಳಲು ಕೂತಿದ್ದೆ. ನೀವೇನಂತೀರಿ ಮಾಸ್ತರೇ ಅಂತ ಎಲ್ಲರೂ ತಿರುಗಿದರು. ಆಟ ನೋಡಿ ಆರಿಸಿದ್ದೇವೆ ಅಂದೆ. ಮಾಸ್ತರು ಹೇಳಿದ ಮೇಲೆ ಮುಗೀತು ಅಂತ ಕ್ಷೌರಿಕ ಕತ್ತರಿ ಎತ್ತಿಕೊಂಡ.

ಅಚ್ಯುತರಾಯರು ಮಾತ್ರ ಮನೆಗೆ ಬಂದು, ಸುಗುಣ ಒಳಗೆ ಹೋಗುವುದನ್ನೇ ಕಾದು, ಮೆಲ್ಲಗೆ ಕೇಳಿದರು. "ಎಡಗಡೆಯವರ ವಿಷಯ ತಾನೇ ನೀವು ಹೇಳಿದ್ದು?"

"ಹೌದು," ಅಂದೆ.

"ಹಾಗೇ ಅಂತ ನಾನೂ ತಿಳಿದೆ." ಅವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. "ಯಾರು ಹೇಳಿದ್ದು ಅಂತ ನನ್ನ ಬಾಯಿಂದ ಹೊರಗೆ ಬರುವುದಿಲ್ಲ."

ಹೌದು ಅಂದೆನಲ್ಲ, ಅದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ನನ್ನ ಮೇಲೆ ಆಣೆ. ಊಟಕ್ಕೆ ಕೂತರೆ ಅದೇ, ನಡೆಯಲು ಹೋದರೆ ಅದೇ. ದಿಬ್ಬದ ಮೆಟ್ಟಿಲು ಇಳಿದು ಅರ್ಧಕ್ಕೆ ನಿಂತು, ಮತ್ತೆ ಹತ್ತಿ, ಮತ್ತೆ ಇಳಿಯುತ್ತಿದ್ದೆ. ಆ ಮಾತು ಬಾಯಿಗೆ ಬರುವ ಮುಂಚೆ ತಲೆಯಲ್ಲಿ ಏನಿತ್ತು? ಎಡಗಡೆಯ ಹುಡುಗರ ಮುಖ ಇತ್ತೇ? ನೆನಪು ಮಾಡಿಕೊಂಡರೆ ಬರೀ ಬಿಸಿಲು, ಮಣ್ಣು, ಸೊಂಟನೋವು. ಯಾರನ್ನೂ ದ್ವೇಷಿಸಿದ ನೆನಪಿಲ್ಲ. ಹಡಗುಕೇರಿಯ ಮಕ್ಕಳನ್ನು ಮೂವತ್ತು ವರ್ಷ ಅದೇ ಸಾಲಿನಲ್ಲಿ ನಿಲ್ಲಿಸಿ ಅದೇ ಡ್ರಿಲ್ ಮಾಡಿಸಿದವನು ನಾನು.

ನಾಲ್ಕನೆಯ ದಿನ ಸಾಲ್ವದೋರ್ ಬಂದ. ಸಾಲ್ವದೋರ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು, ನನ್ನ ಓರಗೆಯವನು, ಇನಾಸನ ಸೋದರಮಾವ. ಶಾಲೆಯ ತಂಡದಲ್ಲಿ ನಾನೂ ಅವನೂ ಜೊತೆಗೆ ಆಡಿದವರು. ನನ್ನನ್ನು ಪುಂಡೂ ಅಂತ ಕರೆಯುವುದು ಇಡೀ ಊರಿನಲ್ಲಿ ಅವನೊಬ್ಬನೇ. ಜಗಲಿಯ ಮೇಲೆ ಕೂತ, ಚಹಾ ಬೇಡ ಅಂದ.

"ಟೌನ್‌ಹಾಲಿಗೆ ಹೋಗಿದ್ದೆ ಪುಂಡೂ. ಅಲ್ಲಿ ತಂಡದ ಫೋಟೋ ತೂಗುಹಾಕಿದ್ದಾರಲ್ಲ, ನಲವತ್ತೊಂದು. ಎಲ್ಲ ನೋಡಿದೆ. ನಮ್ಮವರು ಒಂದರಲ್ಲಿ ಒಬ್ಬರು, ಒಂದರಲ್ಲಿ ಇಬ್ಬರು. ಮೂವರು ಒಂದರಲ್ಲೂ ಇಲ್ಲ. ನಲವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ಮೂವರು ಚೆನ್ನಾಗಿ ಆಡಲಿಲ್ಲವಾ?"

ನಾನು ಕೈಯಲ್ಲಿದ್ದ ಪೇಪರು ಮಡಚಿಟ್ಟೆ.

"ನಾನು ಏಳು ವರ್ಷ ಆಯ್ಕೆ ಪಂದ್ಯ ಆಡಿದೆ. ನೀನು ಆಡಿದ ಜಾಗಕ್ಕೇ. ಪ್ರತಿವರ್ಷ ನೀನು ಹೋದೆ. ನನಗಿಂತ ನೀನು ಚೆನ್ನಾಗಿ ಆಡ್ತೀ ಅಂತ ನಾನು ಒಪ್ಪಿಕೊಂಡೆ. ಇಷ್ಟು ವರ್ಷ ಹಾಗೇ ಇದ್ದೆ." ಅವನು ಬೆರಳಿಗೆ ಹತ್ತಿದ ಸುಣ್ಣವನ್ನು ಉಜ್ಜುತ್ತಿದ್ದ. "ಮೊನ್ನೆ ಕಲ್ಲು ಮಾತಾಡಿದ ಮೇಲೆ ಅನ್ನಿಸ್ತು, ಆಗಲೂ ಯಾರೋ ಹೇಳಿರಬೇಕು. ಕಲ್ಲಿಲ್ಲದ ಜಾಗದಲ್ಲಿ ನಿಂತು ಹೇಳಿರಬೇಕು. ನೀನು ಅಲ್ಲಿದ್ದೆಯಲ್ಲ. ಯಾರು ಹೇಳಿದ್ದು?"

"ನನಗೆ ಕೇಳಿಸಲಿಲ್ಲ," ಅಂದೆ.

ಅವನು ಎದ್ದು, ಮೆಟ್ಟಿಲಿಳಿದು ಹೋದ. ಅವನ ಬೆನ್ನು ಕಾಣುತ್ತಿರುವಾಗಲೇ ನನಗೆ ನೆನಪಾಯಿತು. ಆ ದಿನ ರಾಯರು ಇನಾಸನ ನಂಬರು ತೋರಿಸಿದಾಗ ನನಗೆ ಬಂದದ್ದು ಆಯಾಸ. ಸೊಂಟದ ಆಯಾಸ ಬೇರೆ, ಇದು ಬೇರೆ. ಮೂರನೆಯವನನ್ನು ತೆಗೆದುಕೊಂಡರೆ ದಿಬ್ಬದಲ್ಲಿ ಮನೆಮನೆಗೂ ಯಾಕೆ ಅಂತ ಉತ್ತರ ಹೇಳಬೇಕು. ದಿಬ್ಬದವರು ಹದಿನಾರು ಮಂದಿ ಇದ್ದದ್ದಕ್ಕೆ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಆ ಉತ್ತರ ಹೇಳುವ ಬೇಸರ ತಪ್ಪಿಸಿಕೊಳ್ಳಲು ಒಬ್ಬ ಆಟಗಾರನನ್ನು ಒಂದು ಮಾತಿನಲ್ಲಿ ಮುಗಿಸಿದ್ದೆ. ಎಡಗಡೆಯ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ.

ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ, ಹೇಳಲು ಧೈರ್ಯವೂ ಇರಲಿಲ್ಲ. ಹಾಗಾಗಿ ಹೇಡಿಗಳು ಮಾಡುವ ಕೆಲಸ ಮಾಡಿದೆ. ಮರುದಿನ ಬೆಳಿಗ್ಗೆ ಆರಕ್ಕೆ, ವಾಯುವಿಹಾರದ ನೆಪದಲ್ಲಿ ಮೈದಾನಕ್ಕೆ ಇಳಿದು, ಯಾರೂ ಇಲ್ಲವೆಂದು ನೋಡಿಕೊಂಡು, ಗೋಡೆಗೆ ಮುಖ ಮಾಡಿ ಹೇಳಿದೆ. "ಹಡಗುಕೇರಿಯವರು ಇಬ್ಬರು ಸಾಕು ಅಂತಲೇ ನಾನು ಹೇಳಿದ್ದು. ತಪ್ಪಾಯಿತು." ಮೇಲೆ ಹತ್ತಿ ಬರುವಾಗ ಮೈ ಹಗುರವಾಗಿತ್ತು. ನಾಳೆ ಓಡಲು ಬರುವವರು ಕೇಳುತ್ತಾರೆ, ಊರಿಗೆ ನಿಜ ತಿಳಿಯುತ್ತದೆ, ಇನಾಸನಿಗೆ ನ್ಯಾಯ ಸಿಗುತ್ತದೆ, ನನ್ನ ಹೆಸರು ಯಾರಿಗೂ ಬೇಕಾಗುವುದಿಲ್ಲ ಅಂದುಕೊಂಡೆ.

ಊರಿಗೆ ಬೇಕಾಗಿದ್ದು ಹೆಸರೇ. ಮರುದಿನ ಕಲ್ಲು ಮಾತಾಡಿದ ಗಂಟೆಯೊಳಗೆ ಜನ ಬೆರಳು ಮಡಚಿದರು. ಸಮಿತಿಯಲ್ಲಿ ಮೂವರು. ಅಚ್ಯುತರಾಯರು ದೊಡ್ಡವರು, ಅಂಥ ಮಾತಾಡುವವರಲ್ಲ. ಮಾಸ್ತರರಂತೂ ಅಲ್ಲವೇ ಅಲ್ಲ. ಉಳಿದವನು ಮೋನಪ್ಪ. ಅವನು ಬಾಯಿಬಡುಕ, ಸಾಲದ್ದಕ್ಕೆ ಹಿಂದಿನ ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಮೈದಾನದ ದಾರಿಯಲ್ಲಿ ಬರುವುದನ್ನು ಹಾಲಿನವಳು ನೋಡಿದ್ದಳು. ಸಂಜೆಗೆ ಅವನ ಅಂಗಡಿಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಇಬ್ಬರು ಸಾಕು ಅಂತ ಬರೆದರು. ಅವನ ಗಿರಾಕಿಗಳೆಲ್ಲ ಹಡಗುಕೇರಿಯವರು. ಮಾರನೆಯ ದಿನದಿಂದ ಅವರು ಪಂಕ್ಚರ್ ಆದ ಸೈಕಲ್ಲನ್ನು ಅವನ ಅಂಗಡಿಯ ಮುಂದೆಯೇ ತಳ್ಳಿಕೊಂಡು, ಎರಡು ಮೈಲಿ ಆಚೆಯ ಹಳ್ಳಿಗೆ ಹೋಗತೊಡಗಿದರು.

ಮೋನಪ್ಪ ನಮ್ಮ ಮನೆಗೆ ಬಂದ. ಕೈಯಲ್ಲಿ ಗ್ರೀಸು ಇರಲಿಲ್ಲ. ಅವನ ಕೈ ಅಷ್ಟು ಚೊಕ್ಕಟವಾಗಿದ್ದನ್ನು ನಾನು ನೋಡಿರಲೇ ಇಲ್ಲ.

"ನಾನು ಆಚೆ ಗೋಲಿನ ಹತ್ತಿರ ಇದ್ದೆ ಅಂತ ನೀವೊಂದು ಮಾತು ಹೇಳಿ ಮಾಸ್ತರೇ. ನೀವು ಹೇಳಿದರೆ ಜನ ನಂಬ್ತಾರೆ. ರಾಯರೇ ಹೇಳಿರಬೇಕು, ಅವರ ಮೇಲೆ ಹೊರಿಸೋದು ನನಗೂ ಬೇಡ. ನೀವಂತೂ ಅಲ್ಲ, ಅದು ಊರಿಗೇ ಗೊತ್ತು. ನಾನಲ್ಲ ಅಂತ ಅಷ್ಟು ಹೇಳಿಬಿಡಿ."

"ನೋಡೋಣ ಮೋನಪ್ಪ," ಅಂದೆ. ನೋಡೋಣ ಅಂದೆ!

ಅವನು ಹೋದ ಮೇಲೆ ಸುಗುಣ ಅಡುಗೆಮನೆಯಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ ಇತ್ತು.

"ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು," ಅಂದಳು. "ಬಡಿಸುವಾಗ ಸಾಕು ಅಂತೀರಲ್ಲ, ತಟ್ಟೆಗೆ ಕೈ ಅಡ್ಡ ಹಿಡಿದು. ಅವತ್ತು ಕಲ್ಲು ಅದೇ ಥರ ಹೇಳಿತು. ದನಿ ಕಲ್ಲಿನದು ರೀ. ಮಾತು ನಿಮ್ಮದು. ನನಗೆ ಅವತ್ತೇ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ನಾನು ತಲೆ ತಗ್ಗಿಸಿದೆ.

"ಆ ಮೋನಪ್ಪನ ಹೆಂಡತಿ ಬಾವಿಕಟ್ಟೆಯಲ್ಲಿ ಯಾರ ಹತ್ತಿರವೂ ಮಾತಾಡ್ತಾ ಇಲ್ಲ. ನಾನು ಅವಳ ಮುಖ ನೋಡಬೇಕು ದಿನಾ," ಅಂತ ಹೇಳಿ ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅಚ್ಯುತರಾಯರು ಟೌನ್‌ಹಾಲಿನಲ್ಲಿ ಸಭೆ ಕರೆದರು. ನೆಲದ ಮೇಲೆ, ಕಿಟಕಿಯಲ್ಲಿ, ಮೆಟ್ಟಿಲಿನಲ್ಲಿ ಜನ. ಎಡಕ್ಕೆ ದಿಬ್ಬದವರು, ಬಲಕ್ಕೆ ಹಡಗುಕೇರಿಯವರು. ಯಾರೂ ಹೇಳದೆ ಹಾಗೆ ಕೂತಿದ್ದರು. ರಾಯರು ಎದ್ದು, ಕಲ್ಲಿನ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಸಮಿತಿ ಆಟವನ್ನಷ್ಟೇ ನೋಡಿದೆ, ಸಮಿತಿಯ ಯಾವುದೋ ಸದಸ್ಯರು ವೈಯಕ್ತಿಕವಾಗಿ ಏನಾದರೂ ಅಂದಿದ್ದರೆ, ಅಂತ ಶುರು ಮಾಡಿದರು. ಎಲ್ಲರ ಕಣ್ಣೂ ಮೋನಪ್ಪನ ಮೇಲೆ ಹೋಯಿತು. ಮೋನಪ್ಪ ನನ್ನ ಕಡೆ ನೋಡಿದ.

ನಾನು ಎದ್ದು ನಿಂತೆ. "ಹೇಳಿದ್ದು ನಾನು," ಅಂದೆ. ನನ್ನದೇ ದನಿ ಅಷ್ಟು ಜನರ ಮಧ್ಯೆ ನನಗೆ ಗುರುತು ಸಿಗಲಿಲ್ಲ. "ಎರಡು ಸಲವೂ ನಾನೇ. ಮೋನಪ್ಪ ಆಚೆ ಗೋಲಿನಲ್ಲಿದ್ದ, ಅವನಿಗೆ ಏನೂ ಗೊತ್ತಿಲ್ಲ. ಹಡಗುಕೇರಿಯವರು ಇಬ್ಬರು ಆಗಲೇ ಇದ್ದಾರೆ ಅಂತಲೇ ನಾನು ಹಾಗಂದದ್ದು. ಇನಾಸನ ಆಟದಲ್ಲಿ ಕೊರತೆ ಇತ್ತು ಅಂತ ಅಲ್ಲ."

ಗದ್ದಲ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಬಲಗಡೆ ಸಾಲ್ವದೋರ್ ಎದ್ದು, ನನ್ನ ಕಡೆ ತಿರುಗದೆ, ಬಾಗಿಲ ಕಡೆ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಹಡಗುಕೇರಿಯವರೆಲ್ಲ ಎದ್ದುಹೋದರು. ಪಟ್ಟಿ ತಿದ್ದಿ ಅಂತ ನಾನು ರಾಯರನ್ನು ಕೇಳಿದೆ. ಪಟ್ಟಿ ನೆರೆದೇಶಕ್ಕೆ ಹೋಗಿಯಾಗಿದೆ, ಇನ್ನು ತಿದ್ದಲು ಬರುವುದಿಲ್ಲ, ನೀವು ರಾಜೀನಾಮೆ ಕೊಟ್ಟರೆ ಒಳ್ಳೆಯದು ಅಂದರು. ಅಲ್ಲೇ ಬರೆದುಕೊಟ್ಟೆ.

ಹೊರಗೆ ಬಂದಾಗ ಔಷಧಿ ಅಂಗಡಿಯ ವೆಂಕಣ್ಣ ನನ್ನ ಕೈ ಹಿಡಿದುಕೊಂಡ. "ಧೈರ್ಯ ಬೇಕು ಮಾಸ್ತರೇ. ನೀವು ಹೇಳಿದ್ದರಲ್ಲಿ ತಪ್ಪೇನಿದೆ? ಇವತ್ತು ಮೂವರು ಅಂತಾರೆ, ನಾಳೆ ಹನ್ನೊಂದೂ ಅವರೇ ಆಗ್ತಾರೆ. ನಮಗೆಲ್ಲ ಅನ್ನಿಸಿದ್ದನ್ನೇ ನೀವು ಅಂದಿರಿ." ಅವನ ಹಿಂದೆ ನಾಲ್ಕೈದು ಜನ ತಲೆಯಾಡಿಸುತ್ತಿದ್ದರು. ಅವರಲ್ಲಿ ಇಬ್ಬರು ನನ್ನ ಶಿಷ್ಯರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈ ಬಿಡಿಸಿಕೊಂಡು ಬೇಗ ಬೇಗ ನಡೆದೆ, ಮನೆ ದಾಟಿ ಎಷ್ಟೋ ಮುಂದೆ ಹೋಗಿ ಆಮೇಲೆ ತಿರುಗಿ ಬಂದೆ.

ಗುರುವಾರ ತಂಡ ಲಾಂಚ್ ಹತ್ತಿ ನೆರೆದೇಶಕ್ಕೆ ಹೊರಟಿತು. ಅಲ್ಲಿ ಎರಡು ಪಂದ್ಯ ಗೆದ್ದು ಒಂದು ಸೋತಿತು. ಗೆದ್ದದ್ದನ್ನು ಒಂದು ಕಡೆಯವರು, ಸೋತದ್ದನ್ನು ಇನ್ನೊಂದು ಕಡೆಯವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಅದು ಆಮೇಲಿನ ಮಾತು. ಲಾಂಚ್ ಹೊರಟ ಹೊತ್ತಿನಲ್ಲಿ, ಬಂದರಿನಲ್ಲಿ ವಾಲಗ ಊದುತ್ತಿರುವಾಗ, ನಾನು ಹಡಗುಕೇರಿಗೆ ಇಳಿದೆ. ಇಷ್ಟು ವರ್ಷದಲ್ಲಿ ಆ ಕೇರಿಯೊಳಗೆ ಹೋದದ್ದು ಎರಡೋ ಮೂರೋ ಸಲ, ಅದೂ ಸಾವಿಗೆ.

ಇನಾಸ ಮನೆಯ ಹಿಂದಿನ ಮರಳಿನಲ್ಲಿ ಕೂತು ದೋಣಿಯ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಪಕ್ಕದಲ್ಲಿ ಸಾಲ್ವದೋರ್ ಬಲೆ ಬಿಡಿಸುತ್ತಿದ್ದ. ನನ್ನನ್ನು ನೋಡಿ ಇಬ್ಬರೂ ಎದ್ದೇಳಲಿಲ್ಲ. ಇನಾಸನ ತಾಯಿ ಕತ್ರೀನಾ ಒಳಗಿಂದ ಒಂದು ಮಣೆ ತಂದು ಇಟ್ಟುಹೋದಳು. ನಾನು ಕೂರಲಿಲ್ಲ.

"ಟೌನ್‌ಹಾಲಿನಲ್ಲಿ ಹೇಳಿದಿರಂತೆ," ಅಂದ ಇನಾಸ. "ಕೇಳಿದೆ."

"ನಿನ್ನ ಮುಂದೆ ಹೇಳಬೇಕಿತ್ತು. ಮೊದಲು ನಿನ್ನ ಹತ್ತಿರ ಬರಬೇಕಿತ್ತು. ತಪ್ಪು ಮಾಡಿದೆ ಕಣಪ್ಪಾ."

ಅವನು ಉಜ್ಜುಗೊರಡು ಕೆಳಗಿಟ್ಟ. "ಹತ್ತು ದಿನದಿಂದ ಜನ ಬರ್ತಾ ಇದ್ದಾರೆ. ಪರವಾಗಿರೋರೂ ಬಂದರು, ಸಮಾಧಾನ ಹೇಳೋರೂ ಬಂದರು, ಪೇಪರಿನವನೂ ಬಂದ. ಎಲ್ಲರೂ ನನ್ನ ಬಣ್ಣದ ಬಗ್ಗೆ ಮಾತಾಡಿ ಹೋದರು. ನಾನು ಹೇಗೆ ಆಡಿದೆ ಅಂತ ಒಬ್ಬರೂ ಹೇಳಲಿಲ್ಲ. ನೋಡಿದವರು ನೀವು ಮೂವರೇ. ಹೇಳಿ, ಹೇಗೆ ಆಡಿದೆ?"

ನಾನು ಏನೇನೋ ಹೇಳಬೇಕೆಂದು ಹೋಗಿದ್ದೆ. ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಆದರೆ ಇದೊಂದೇ ನನಗೆ ಗೊತ್ತಿದ್ದ ವಿಷಯ.

"ಮೊದಲರ್ಧ ಚೆನ್ನಾಗಿತ್ತು," ಅಂದೆ. "ಇಬ್ಬರನ್ನು ದಾಟಿ ಮೂಲೆಯಿಂದ ಕೊಟ್ಟ ಚೆಂಡು ಇತ್ತಲ್ಲ, ಅಂಥದ್ದನ್ನು ಕೊಡುವವರು ಈ ಊರಿನಲ್ಲಿ ಈಗ ಯಾರೂ ಇಲ್ಲ. ಎಡಗಾಲು ನಂಬುವಂಥದ್ದು. ಚೆಂಡು ಕಳೆದುಕೊಂಡ ಮೇಲೆ ನಿಂತುಬಿಡ್ತೀ, ಹಿಂದಕ್ಕೆ ಓಡೋದಿಲ್ಲ. ಹೆಡ್ ಮಾಡುವಾಗ ಕಣ್ಣು ಮುಚ್ಚುತ್ತೀ. ನೀನು ಚೆಂಡಿಗೆ ಹೊಡೆಯೋದಿಲ್ಲ, ಅದೇ ಬಂದು ನಿನಗೆ ಹೊಡೀತದೆ. ಎರಡು ಗೋಲು ಹಾಗೆ ಹೋಯ್ತು."

"ಶ್ರೀಕಂಠ?"

"ಅಚ್ಚುಕಟ್ಟಿನ ಆಟಗಾರ. ನಿನ್ನಷ್ಟಿಲ್ಲ."

"ಅಷ್ಟು ಗೊತ್ತಿದ್ದೂ."

"ಹೌದು, ಗೊತ್ತಿದ್ದೂ."

ಸಾಲ್ವದೋರನ ಕೈ ಬಲೆಯ ಮೇಲೆ ನಿಂತಿತ್ತು. ಬಂದರಿನ ವಾಲಗ ನಿಂತುಹೋಗಿತ್ತು. ಇನಾಸ ಎದ್ದು ಮನೆಯೊಳಗೆ ಹೋದ. ಇನ್ನು ಬರುವುದಿಲ್ಲ ಅಂದುಕೊಂಡು ನಾನು ತಿರುಗುವಷ್ಟರಲ್ಲಿ ಹಳೆಯ ಚೆಂಡೊಂದನ್ನು ಹಿಡಿದುಕೊಂಡು ಬಂದು ನನ್ನ ಎದೆಗೆ ಎಸೆದ.

"ಎಸೆಯಿರಿ," ಅಂದ.

ಹತ್ತು ಹೆಜ್ಜೆ ದೂರ ಹೋಗಿ ನಿಂತ. ನಾನು ಚಪ್ಪಲಿ ಬಿಟ್ಟು ಮರಳಿನಲ್ಲಿ ಕಾಲೂರಿ ಎಸೆದೆ. ಅವನು ಕಣ್ಣು ಮುಚ್ಚಿದ. ಚೆಂಡು ಕಿವಿಗೆ ತಾಗಿ ದೋಣಿಯ ಅಡಿಗೆ ಉರುಳಿತು. "ಮುಚ್ಚಿದೆ," ಅಂದೆ. ಅವನೇ ತಂದು ಕೊಟ್ಟ. ಮತ್ತೆ ಎಸೆದೆ. ಮುಚ್ಚಿದ. ಹತ್ತು ಸಲವಾಯಿತು, ಇಪ್ಪತ್ತಾಯಿತು. ನನ್ನ ತೋಳು ನೋಯತೊಡಗಿತು. ಬೇಲಿಯ ಆಚೆ ಕೇರಿಯ ಜನ ಬಂದು ನಿಂತರು. ನಾನು ನಿಲ್ಲಿಸಬಹುದೇನೋ ಅಂತ ಅವನ ಮುಖ ನೋಡಿದೆ. ಅವನು ಕೈ ಬೀಸಿ ಇನ್ನೊಂದು ಅಂತ ಸನ್ನೆ ಮಾಡಿದ.

ಎಸೆದೆ. ಈ ಸಲ ಕಣ್ಣು ಮುಚ್ಚಲಿಲ್ಲ. ಚೆಂಡು ಹಣೆಗೆ ತಾಗುವವರೆಗೂ, ತಾಗಿ ನೇರ ನನ್ನ ಕೈಗೆ ವಾಪಸು ಬರುವವರೆಗೂ, ಅವನು ನನ್ನನ್ನೇ ನೋಡುತ್ತಿದ್ದ.